ಸಮುದ್ರ ಬಿಟ್ಟು ಊರಿಗೆ ಬರಬೇಕೆಂದಿರುವ ಡೈವರ್‌ಗೆ

ಪ್ರಶ್ನೆ: ನಮ್ಮದು ಪಾಂಡವಪುರ ತಾಲ್ಲೂಕು. ನನಗೆ 36 ವರ್ಷ. ಐಟಿಐ ಫಿಟ್ಟರ್ ಮುಗಿಸಿ, ಡೈವಿಂಗ್ ಕೋರ್ಸ್ ಮಾಡಿ, ಹನ್ನೊಂದು ವರ್ಷದಿಂದ ಸಮುದ್ರದಲ್ಲಿರುವ ಮುಂಬೈ ಹೈ ಎಣ್ಣೆ ಬಾವಿಗಳ ಕಡೆ ಏರ್ ಡೈವರ್ ಆಗಿದ್ದೇನೆ. ನೀರೊಳಗಿನ ತಪಾಸಣೆಯ ಸಿಸ್ವಿಪ್ 3.1ಯು ಸರ್ಟಿಫಿಕೇಟ್ ಇದೆ. ಕಳೆದ ಸೀಸನ್‌ನಲ್ಲಿ ಬಲ ಭುಜಕ್ಕೆ ಬೆಂಡ್ಸ್ (ಮೇಲೆ ಬರುವಾಗ ಮೈಯೊಳಗೆ ಗಾಳಿ ಗುಳ್ಳೆ ಕಟ್ಟುವ ತೊಂದರೆ) ಆಗಿ ಒತ್ತಡದ ಚೇಂಬರ್‌ನಲ್ಲಿ ಚಿಕಿತ್ಸೆ ಆಯಿತು. ಇನ್ನು ಸಮುದ್ರ ಬೇಡ ಅಂತ ಹೆಂಡತಿ ಹಟ ಹಿಡಿದಿದ್ದಾಳೆ. ಮಗಳು ಒಂದನೇ ಕ್ಲಾಸು. ಇಲ್ಲೇ ಒಬ್ಬ ಕಂಟ್ರಾಕ್ಟರ್ ಡ್ಯಾಂ ಮತ್ತು ನಾಲೆ ಗೇಟ್ ಕೆಲಸಕ್ಕೆ ಕರೆಯುತ್ತಿದ್ದಾರೆ. ಆಳ ಕಡಿಮೆ, ಸ್ಕೂಬಾ ಸಾಕು, ದುಡ್ಡು ಅವತ್ತವತ್ತೇ ಕೈಗೆ ಅಂತಾರೆ. ಒಪ್ಪಿಕೊಳ್ಳಲಾ? ಬೇರೆ ಏನು ದಾರಿ ಇದೆ? ಇಲ್ಲಾ ಎಲ್ಲಾ ಬಿಟ್ಟು ಇರುವ ಎರಡು ಎಕರೆಗೆ ಕಬ್ಬು ಹಾಕಿಕೊಂಡು ಇದ್ದುಬಿಡಲಾ?

ಉತ್ತರ: ಮೊದಲು ಕಂಟ್ರಾಕ್ಟರ್ ವಿಷಯ ಮುಗಿಸೋಣ. ಮಿಕ್ಕಿದ್ದಕ್ಕೆ ಯೋಚನೆ ಮಾಡೋಕೆ ಟೈಮಿದೆ, ಇದಕ್ಕೆ ಇಲ್ಲ. ಒಪ್ಪಿಕೊಳ್ಳಬೇಡಿ. ಅವರು ಹೇಳಿರುವ ರೀತಿಯಲ್ಲಂತೂ ಬೇಡವೇ ಬೇಡ.

ನಿಮ್ಮ ಲೆಕ್ಕ ನನಗೆ ಅರ್ಥ ಆಗುತ್ತೆ. ಮುಂಬೈ ಹೈನಲ್ಲಿ ಅಲೆ, ಗಾಳಿ, ಬಾರ್ಜು, ಕ್ರೇನು. ಇಲ್ಲಿ ನಿಂತ ನೀರು. ಸಂಜೆ ಹೊತ್ತಿಗೆ ಮನೆ. ಹಾಗಾಗಿ ಇದು ಸೇಫ್ ಅನ್ನಿಸುತ್ತೆ. ಆದರೆ ಇಷ್ಟು ವರ್ಷ ಸಮುದ್ರದಲ್ಲಿ ನಿಮ್ಮನ್ನು ಕಾಪಾಡಿದ್ದು ಏನು ಅಂತ ಒಂದು ಸಲ ನೆನಪು ಮಾಡಿಕೊಳ್ಳಿ. ಗಾಳಿ, ಆಳ ನೋಡಿಕೊಳ್ಳುವ ಪ್ಯಾನೆಲ್ ಮುಂದೆ ಒಬ್ಬ ಸೂಪರ್‌ವೈಸರ್, ಡ್ರೆಸ್ ಹಾಕಿಕೊಂಡು ರೆಡಿ ಕೂತ ಸ್ಟ್ಯಾಂಡ್‌ಬೈ ಡೈವರ್, ಗಾಳಿ ಬರುವ ಅಂಬಿಲಿಕಲ್ ಪೈಪ್ ಹಿಡಿದ ಸಹಾಯಕ (ಟೆಂಡರ್), ಬೆನ್ನ ಮೇಲೆ ಆಪತ್ತಿಗೆ ಅಂತ ಬೇಲ್‌ಔಟ್ ಬಾಟಲಿ, ಡೆಕ್ ಮೇಲೆ ಚೇಂಬರ್, ಕಿವಿಯಲ್ಲಿ ಒಬ್ಬರ ದನಿ. ಕಡಲ ಕೆಲಸದ ಕಂಪನಿಗಳ ಅಂತರರಾಷ್ಟ್ರೀಯ ಸಂಘ ಇಮ್ಕಾದ ನಿಯಮದಲ್ಲಿ ಮೇಲಿಂದ ಗಾಳಿ ಕೊಡುವ ಡೈವಿಂಗ್‌ಗೆ ಕನಿಷ್ಠ ಐದು ಜನರ ತಂಡ ಬೇಕು. ಕಡಲಾಚೆಯ ಕೆಲಸಕ್ಕೆ ಸ್ಕೂಬಾವನ್ನು ಅವರು ಒಪ್ಪುವುದೇ ಇಲ್ಲ. ಅದಕ್ಕೆ ಕಾರಣ ನಿಮಗೇ ಗೊತ್ತು. ಸಿಕ್ಕಿಹಾಕಿಕೊಂಡರೆ ಸಿಲಿಂಡರ್‌ನಲ್ಲಿ ಇದ್ದಷ್ಟೇ ಗಾಳಿ, ಮೇಲಿನವರಿಗೆ ಕೆಳಗೆ ಏನಾಗಿದೆ ಅಂತಲೂ ಗೊತ್ತಾಗುವುದಿಲ್ಲ. ಈಗ ಕಂಟ್ರಾಕ್ಟರ್ ಹೇಳುತ್ತಿರುವ ಕೆಲಸದಲ್ಲಿ ಇದರಲ್ಲಿ ಯಾವುದಿದೆ? ನೀವು, ಒಂದು ಸಿಲಿಂಡರು, ಹಗ್ಗ ಹಿಡಿಯೋಕೆ ಇಬ್ಬರು ಹುಡುಗರು. ಇನ್ನೂ ಕೆಲವು ಕಡೆ ಬೋರ್‌ವೆಲ್ ಕ್ಲೀನ್ ಮಾಡುವ ಕಂಪ್ರೆಸರಿಗೇ ಪೈಪ್ ಸಿಕ್ಕಿಸಿ ಅದರಲ್ಲಿ ಉಸಿರಾಡಿಸುತ್ತಾರೆ. ಅದರ ಎಂಜಿನ್ ಹೊಗೆ ಗಾಳಿ ಎಳೆಯುವ ಬಾಯಿಗೆ ಸ್ವಲ್ಪ ತಿರುಗಿದರೂ ಕಾರ್ಬನ್ ಮೊನಾಕ್ಸೈಡ್ ನೇರ ಡೈವರ್ ಎದೆಗೆ ಹೋಗುತ್ತೆ. ಅದಕ್ಕೆ ವಾಸನೆ ಇಲ್ಲ. ತಲೆ ಭಾರ ಆಯ್ತು ಅನ್ನುವಷ್ಟರಲ್ಲಿ ಪ್ರಜ್ಞೆ ಹೋಗಿರುತ್ತೆ.

ಡ್ಯಾಂ ಕೆಲಸದಲ್ಲಿ ಜನ ಸಾಯುವುದು ಆಳದಿಂದಲ್ಲ, ಸೆಳೆತದಿಂದ. ಎರಡು ಕಡೆಯ ಒತ್ತಡದ ವ್ಯತ್ಯಾಸವನ್ನು ಡೆಲ್ಟಾ ಪಿ ಅಂತ ಕೋರ್ಸಿನಲ್ಲಿ ಓದಿರುತ್ತೀರಿ, ಆದರೆ ಪ್ಲಾಟ್‌ಫಾರ್ಮ್ ಕಾಲುಗಳ ಹತ್ತಿರ ಕೆಲಸ ಮಾಡಿದವರಿಗೆ ಅದು ದಿನಾ ಎದುರಾಗುವ ವಿಷಯವಲ್ಲ. ಡ್ಯಾಂನಲ್ಲಿ ಅದೇ ದಿನಾ ಎದುರಾಗುವ ವಿಷಯ. ಲೆಕ್ಕ ಹಾಕಿ ನೋಡಿ. ನೀರಿನಲ್ಲಿ ಪ್ರತಿ 10 ಮೀಟರಿಗೆ ಒಂದು ಚದರ ಸೆಂಟಿಮೀಟರ್ ಮೇಲೆ ಸುಮಾರು ಒಂದು ಕೆಜಿ ಒತ್ತಡ ಸೇರುತ್ತೆ. ನೀರಿನ ಮಟ್ಟದಿಂದ 20 ಮೀಟರ್ ಕೆಳಗೆ ಒಂದು ಗೇಟು ಸರಿಯಾಗಿ ಕೂತಿಲ್ಲ, ಮೂಲೆಯಲ್ಲಿ 30 ಸೆಂಟಿಮೀಟರ್ ಉದ್ದ, 30 ಸೆಂಟಿಮೀಟರ್ ಅಗಲದ ಸಂದಿ ಇದೆ ಅಂತ ಇಟ್ಟುಕೊಳ್ಳಿ. ಆ ಕಡೆ ಬರೀ ಗಾಳಿ. ಆ ಸಂದಿಗೆ ನಿಮ್ಮ ತೊಡೆಯೋ ಬೆನ್ನೋ ಅಡ್ಡ ಬಂದು ಮುಚ್ಚಿಕೊಂಡಿತು ಅಂದರೆ ಅಲ್ಲಿ ನಿಮ್ಮನ್ನು ಅದುಮುವ ಬಲ 1800 ಕೆಜಿ. ಒಂದು ಕಾರಿನ ತೂಕಕ್ಕಿಂತ ಜಾಸ್ತಿ. ಮೇಲಿಂದ ಹಗ್ಗ ಎಳೆದರೆ ನೀವು ಬಿಡಿಸಿಕೊಂಡು ಬರುವುದಿಲ್ಲ, ಮೈ ಹರಿಯುತ್ತೆ. ಇದರ ಕೆಟ್ಟ ಗುಣ ಏನು ಅಂದರೆ, ಹತ್ತಿರ ಹೋಗುವ ತನಕ ಏನೂ ಗೊತ್ತಾಗುವುದಿಲ್ಲ. ಸ್ವಲ್ಪ ದೂರದಲ್ಲಿದ್ದರೆ ನೀರು ಅಲುಗಾಡುತ್ತಿಲ್ಲ ಅನ್ನಿಸುತ್ತೆ. ಅಲ್ಲಿಂದ ಕೈ ಚಾಚುವಷ್ಟು ಮುಂದೆ ಹೋದರೆ ಆಗಲೇ ಎಳೆದುಕೊಂಡಿರುತ್ತೆ.

2022ರ ಫೆಬ್ರವರಿ 25ರಂದು ಟ್ರಿನಿಡಾಡ್‌ನಲ್ಲಿ ಐದು ಜನ ಡೈವರ್‌ಗಳು ಕಡಲ ತೀರದ ಒಂದು 30 ಇಂಚಿನ ಪೈಪ್‌ಲೈನ್ ರಿಪೇರಿ ಮಾಡುತ್ತಿದ್ದರು. ಒಳಗಿನ ಪ್ಲಗ್ ಬಿಚ್ಚುವಾಗ ಒತ್ತಡದ ವ್ಯತ್ಯಾಸಕ್ಕೆ ಐವರೂ ಪೈಪಿನೊಳಗೆ ಎಳೆದುಹೋದರು. ಒಬ್ಬರು ತೆವಳಿಕೊಂಡು ಬದುಕಿ ಬಂದರು, ನಾಲ್ವರು ಬರಲಿಲ್ಲ. ಅವರೇನು ಆಳ ಸಮುದ್ರದಲ್ಲಿ ಇರಲಿಲ್ಲ. ದಡದ ಹತ್ತಿರ, ಎಲ್ಲರಿಗೂ ಕಾಣುವ ಜಾಗದಲ್ಲಿದ್ದರು.

ಇನ್ನೊಂದು ವಿಷಯ ಇಲ್ಲಿನ ಕಂಟ್ರಾಕ್ಟರ್‌ಗಳಿಗೆ ಹೆಚ್ಚಾಗಿ ಗೊತ್ತೇ ಇರುವುದಿಲ್ಲ. ನಿಮಗೆ ಬೆಂಡ್ಸ್ ಆಗಿರುವುದರಿಂದ ಇದನ್ನು ಬಿಡಿಸಿ ಹೇಳುತ್ತೇನೆ. ನೀವು ಬಳಸುವ ಡಿಕಂಪ್ರೆಷನ್ ಟೇಬಲ್, ಅಂದರೆ ಎಷ್ಟು ನಿಧಾನ ಮೇಲೆ ಬರಬೇಕು ಅನ್ನುವ ಪಟ್ಟಿ, ಸಮುದ್ರ ಮಟ್ಟದ್ದು. ಕೆಆರ್‌ಎಸ್ ನೀರಿನ ಮೇಲ್ಮೈ ಸಮುದ್ರ ಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡವೇ ಕಡಿಮೆ. ಅಂದರೆ ಮೇಲೆ ಬಂದಾಗ ಮೈಯೊಳಗಿನ ನೈಟ್ರೋಜನ್ ಗುಳ್ಳೆಯಾಗಿ ಬರೋಕೆ ಇಲ್ಲಿ ಜಾಸ್ತಿ ಅವಕಾಶ. 300 ಮೀಟರಿಗಿಂತ ಎತ್ತರದ ಜಾಗದಲ್ಲಿ ಟೇಬಲ್ ತಿದ್ದಿಕೊಂಡೇ ಇಳಿಯಬೇಕು. ಇಲ್ಲಿ 30 ಮೀಟರ್ ಡೈವ್ ಮಾಡಿದರೆ ಟೇಬಲ್‌ನಲ್ಲಿ ಎರಡು ಮೂರು ಮೀಟರ್ ಜಾಸ್ತಿ ಆಳ ಅಂತಲೇ ಹಿಡಿಯಬೇಕು. ಕಬಿನಿಗೂ ಇದೇ ಮಾತು. ಅಷ್ಟಕ್ಕೇ ಮುಗಿಯಲಿಲ್ಲ. ಬೆಳಿಗ್ಗೆ ಕೆಆರ್‌ಎಸ್‌ನಲ್ಲಿ ಇಳಿದು, ಸಂಜೆ ಮನೆಯವರ ಜೊತೆ ಮಡಿಕೇರಿಗೋ ಊಟಿಗೋ ಹೊರಟರೆ? ಊಟಿ 2200 ಮೀಟರಿಗಿಂತ ಎತ್ತರ. ಘಾಟಿ ಹತ್ತುತ್ತಾ ಹೋದಂತೆ ವಿಮಾನ ಹತ್ತಿದ ಹಾಗೇ ಆಗುತ್ತೆ. ಭುಜದ ನೋವು ದಾರಿಯಲ್ಲೇ ಶುರುವಾಗಬಹುದು. ಆಗ ಚೇಂಬರ್ ಎಲ್ಲಿ ಹುಡುಕುತ್ತೀರಿ? ಆಸ್ಪತ್ರೆಗಳಲ್ಲಿ ಗಾಯ ಮಾಯಿಸೋಕೆ ಇಟ್ಟಿರುವ ಒಬ್ಬರೇ ಮಲಗುವ ಸಣ್ಣ ಆಕ್ಸಿಜನ್ ಚೇಂಬರ್‌ಗಳೆಲ್ಲ ಈ ಚಿಕಿತ್ಸೆಗೆ ಆಗಿಬರುವುದಿಲ್ಲ. ಬೆಂಡ್ಸ್‌ಗೆ ಕೊಡುವ ಚಿಕಿತ್ಸೆ ಟೇಬಲ್ 6 ಅಂದರೆ 18 ಮೀಟರ್ ಒತ್ತಡದಲ್ಲಿ ಶುರುವಾಗಿ ಸುಮಾರು ಐದು ಗಂಟೆ. ನಿಮಗೆ ಕಳೆದ ಸಲ ಇದೇ ಕೊಟ್ಟಿರಬಹುದು, ಕೇಳಿ ನೋಡಿ. ಅದನ್ನು ನಡೆಸಲು ತಿಳಿದ ಜನ ಪಕ್ಕದಲ್ಲಿ ಇರಬೇಕು.

ಅಂದರೆ ಡ್ಯಾಂ ಕೆಲಸವೇ ಕೆಟ್ಟದ್ದು ಅಂತಲ್ಲ. ಅದೇ ನಿಮಗೆ ಮುಂದಿನ ಅನ್ನ ಆಗಬಹುದು, ಅದನ್ನು ಆಮೇಲೆ ಹೇಳುತ್ತೇನೆ. ಕಂಟ್ರಾಕ್ಟರ್‌ಗೆ ನೇರವಾಗಿ ಒಂದಿಷ್ಟು ಕೇಳಿ. ಗೇಟು ಮತ್ತು ಕವಾಟ ಬಂದ್ ಮಾಡಿ ಬೀಗ ಹಾಕಿದ್ದಾರೆ ಅಂತ ಬರವಣಿಗೆಯಲ್ಲಿ ಕೊಡುವವರು ಯಾರು? ಆ ಬೀಗದ ಕೈ ನಾನು ನೀರಿನಲ್ಲಿರುವಷ್ಟು ಹೊತ್ತು ಯಾರ ಹತ್ತಿರ ಇರುತ್ತೆ? ಸ್ಟ್ಯಾಂಡ್‌ಬೈ ಡೈವರ್ ಯಾರು? ಮಾತಾಡೋಕೆ ಲೈನ್ ಇದೆಯಾ? ನನ್ನ ಹೆಸರಿಗೆ ಇನ್ಶೂರೆನ್ಸ್ ಮಾಡಿಸಿದ್ದೀರಾ? ಇಷ್ಟಕ್ಕೂ ಸರಿಯಾದ ಉತ್ತರ ಕೊಡುವ ಕಂಟ್ರಾಕ್ಟರ್ ಸಿಕ್ಕರೆ ಅವರ ಜೊತೆ ಮಾತು ಮುಂದುವರಿಸಬಹುದು. ‘ಅದೆಲ್ಲಾ ಏನೂ ಬೇಡ ಕಣಪ್ಪಾ, ಅರ್ಧ ಗಂಟೆ ಕೆಲಸ’ ಅಂದರೆ ಅಲ್ಲಿಗೇ ಕೈಮುಗಿದು ಬನ್ನಿ.

ಇದರ ಜೊತೆಗೇ ಹೇಳಿಬಿಡುತ್ತೇನೆ. ನೀವು ಊರಲ್ಲಿ ನೆಲೆಸಿದ್ದೀರಿ ಅಂತ ಗೊತ್ತಾದ ತಕ್ಷಣ ಇನ್ನೊಂದು ಕರೆ ಶುರುವಾಗುತ್ತೆ. ನಾಲೆಗೆ ಯಾರೋ ಬಿದ್ದರು, ಕಾರು ಹೋಯ್ತು, ಬಾಡಿ ಸಿಕ್ಕಿಲ್ಲ, ಸ್ವಲ್ಪ ಬಂದು ನೋಡಿ ಅಂತ. ವಿಸಿ ನಾಲೆ ಪಕ್ಕದ ಊರಿನವರಿಗೆ ನಾನು ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2018ರ ನವೆಂಬರ್ 24ರಂದು ನಿಮ್ಮ ತಾಲ್ಲೂಕಿನ ಕನಗನಮರಡಿ ಹತ್ತಿರ ಬಸ್ಸು ನಾಲೆಗೆ ಉರುಳಿ 30 ಜನ ಹೋದರು. ಇಂಥ ಹೊತ್ತಿನಲ್ಲಿ ಆಗಲ್ಲ ಅನ್ನೋಕೆ ಬಾಯಿ ಬರುವುದಿಲ್ಲ, ಬರಲೂಬಾರದು. ಆದರೆ ಜೀವ ಉಳಿಸುವ ಕೆಲಸ ಬೇರೆ, ಹೋದ ಜೀವದ ದೇಹ ತೆಗೆಯುವ ಕೆಲಸ ಬೇರೆ. ಎರಡನೆಯದಕ್ಕೆ ಆತುರ ಇಲ್ಲ. ಮೇಲುಗಡೆ ನೀರು ಕಟ್ಟಿಸಿ, ಫೈರ್ ಸ್ಟೇಷನ್‌ನವರು ಬಂದು ಲೈನ್ ಹಾಕಿದ ಮೇಲೇ ಇಳಿಯಿರಿ. ಸುರಂಗ, ತೂಬು, ಸೇತುವೆ ಕೆಳಗೆ ಹರಿಯುವ ನೀರಿನಲ್ಲಿ ಯಾರು ಬೇಡಿಕೊಂಡರೂ ಇಳಿಯಬೇಡಿ. ಇದನ್ನು ಸಂಬಳದ ಕೆಲಸ ಅಂತ ನೆಚ್ಚಿಕೊಳ್ಳುವುದಂತೂ ಬೇಡ. ಅಗ್ನಿಶಾಮಕ ದಳ, ಎಸ್‌ಡಿಆರ್‌ಎಫ್‌ನಲ್ಲಿ ಕಾಯಂ ಕೆಲಸಕ್ಕೆ ವಯಸ್ಸಿನ ಮಿತಿ ಇರುತ್ತೆ. 36ಕ್ಕೆ ಆ ಬಾಗಿಲು ಹೆಚ್ಚುಕಡಿಮೆ ಮುಚ್ಚಿದ ಹಾಗೇ.

ಈಗ ನಿಮ್ಮ ಮುಂದಿನ ದಾರಿ. ನೀವು ಬರೆದ ರೀತಿ ನೋಡಿದರೆ, ಡೈವಿಂಗ್ ಬಿಟ್ಟರೆ ಕೈಯಲ್ಲಿ ಇರುವುದು ಹಳೇ ಫಿಟ್ಟರ್ ಸರ್ಟಿಫಿಕೇಟ್ ಒಂದೇ ಅಂತ ಅಂದುಕೊಂಡಿರುವ ಹಾಗಿದೆ. ಹಾಗಿಲ್ಲ. 3.1ಯು ಇರುವ ಡೈವರ್ ನೀರಿನ ಕೆಳಗೆ ಮಾಡುವ ಅರ್ಧ ಕೆಲಸ ನೋಡುವುದು ಮತ್ತು ಅಳೆಯುವುದು. ಒಂದು ಜಾಯಿಂಟಿನ ಮೇಲಿನ ಪಾಚಿ, ಚಿಪ್ಪು ಎಲ್ಲಾ ಕೆರೆದು ಹಾಕಿ, ಬರಿಯ ಕಬ್ಬಿಣ ಕಂಡ ಮೇಲೆ ತುಕ್ಕು ತಡೆ ಅಳೆಯುವ ಸಿಪಿ ಪ್ರೋಬ್ ಚುಚ್ಚಿ ರೀಡಿಂಗ್ ಕೂಗುತ್ತೀರಿ. ಮೈನಸ್ 800 ಮಿಲಿವೋಲ್ಟಿಗಿಂತ ಇನ್ನೂ ಮೈನಸ್ ಕಡೆ ಇದ್ದರೆ ತುಕ್ಕು ತಡೆಯುವ ಆನೋಡ್ ಕೆಲಸ ಮಾಡುತ್ತಿದೆ, ಈ ಕಡೆ ಬಂದರೆ ಅಲ್ಲಿ ತುಕ್ಕು ತಿನ್ನೋಕೆ ಶುರುವಾಗಿದೆ ಅಂತ ನಿಮಗೆ ಬೋರ್ಡ್ ನೋಡದೆಯೇ ಗೊತ್ತು. ತುಕ್ಕಿನ ಗುಳಿ ಎಷ್ಟು ಆಳ, ವೆಲ್ಡ್ ಪಕ್ಕದ ಗೆರೆ ಬಿರುಕೋ ಬರೀ ಉಜ್ಜಿದ ಗುರುತೋ, ಇದನ್ನು ಮಬ್ಬು ನೀರಿನಲ್ಲಿ ಕೈಬೆರಳಲ್ಲಿ ಸವರಿ ಹೇಳುವ ಜನ ಕಡಿಮೆ. ಆ ಕಣ್ಣನ್ನು ಕೂತ ಕಡೆಯಿಂದ ಮಾರೋದು ಹೇಗೆ ಅನ್ನುವುದೇ ನೀವು ಯೋಚಿಸಬೇಕಾದ ಪ್ರಶ್ನೆ.

ಸಿಸ್ವಿಪ್‌ನಲ್ಲೇ ಮೇಲೆ ಹೋಗಲು ಮೆಟ್ಟಿಲಿದೆ. 3.2ಯು ಇನ್ನೂ ನೀರಿಗಿಳಿಯುವ ಇನ್‌ಸ್ಪೆಕ್ಟರ್‌ದು. 3.3ಯು ಆರ್‌ಒವಿ, ಅಂದರೆ ಮೇಲಿಂದ ಓಡಿಸುವ ನೀರೊಳಗಿನ ಕ್ಯಾಮೆರಾ ಯಂತ್ರದ ಇನ್‌ಸ್ಪೆಕ್ಟರ್‌ದು. 3.4ಯು ಇನ್‌ಸ್ಪೆಕ್ಷನ್ ಕಂಟ್ರೋಲರ್, ಅಂದರೆ ಮೇಲೆ ಸ್ಕ್ರೀನ್ ಮುಂದೆ ಕೂತು ಡೈವರ್‌ಗೋ ಆರ್‌ಒವಿಗೋ ಏನು ನೋಡಬೇಕು ಅಂತ ಹೇಳಿ, ಬಂದ ಮಾಹಿತಿ ಸರಿಯಾ ಅಂತ ತೂಗಿ, ರಿಪೋರ್ಟ್ ಬರೆಯುವವರು. ನಿಮ್ಮ ಸ್ಥಿತಿಯಲ್ಲಿ ನಾನಾಗಿದ್ದರೆ 3.4ಯು ಕಡೆಗೇ ಹೋಗುತ್ತಿದ್ದೆ. ಕೆಳಗೆ ಇಳಿದು ಕೆಲಸ ಮಾಡಿದವರು ಮೇಲೆ ಕೂತಾಗ ಡೈವರ್‌ನ ಉಸಿರಾಟ ಕೇಳಿಯೇ ಅವನು ಸುಸ್ತಾಗಿದ್ದಾನೋ, ಸುಮ್ನೆ ರೀಡಿಂಗ್ ಊಹಿಸಿ ಹೇಳುತ್ತಿದ್ದಾನೋ ಅಂತ ಪತ್ತೆ ಹಚ್ಚುತ್ತಾರೆ. ಇದು ಇನ್ನೂ ಬಾರ್ಜಿನ ಮೇಲಿನ ಕೆಲಸವೇ, ಮನೆಯಿಂದ ದೂರವೇ. ಆದರೆ ಮೈಮೇಲೆ ಒತ್ತಡ ಇಲ್ಲ. ಹೆಂಡತಿ ಭಯ ಪಡುತ್ತಿರುವುದು ನೀವು ದೂರ ಇರೋದಕ್ಕಾ, ನೀರಿನ ಕೆಳಗೆ ಇರೋದಕ್ಕಾ? ಅವರನ್ನೇ ಕೂರಿಸಿಕೊಂಡು ಒಂದು ಸಲ ಕೇಳಿ. ಉತ್ತರದ ಮೇಲೆ ಇಡೀ ಲೆಕ್ಕ ಬದಲಾಗುತ್ತೆ.

ಏರ್ ಡೈವಿಂಗ್ ಸೂಪರ್‌ವೈಸರ್ ದಾರಿಯೂ ನಿಮಗೆ ತೆರೆದಿದೆ. ಟ್ರೇನಿ ಸೂಪರ್‌ವೈಸರ್ ಕೋರ್ಸ್ ಮಾಡಬೇಕು, ಆಮೇಲೆ ಅನುಭವಿ ಸೂಪರ್‌ವೈಸರ್ ಪಕ್ಕ ಕೂತು ಪ್ಯಾನೆಲ್ ಗಂಟೆಗಳನ್ನು ಸೇರಿಸಬೇಕು, ಆಮೇಲೆ ಇಮ್ಕಾ ಪರೀಕ್ಷೆ. ಕೋರ್ಸ್ ಫೀಸಿಗಿಂತ ಕಷ್ಟ ಆ ಪ್ಯಾನೆಲ್ ಗಂಟೆ ಸಿಗೋದು. ಕಂಪನಿ ಟ್ರೇನಿಯಾಗಿ ಕೂರಿಸುತ್ತೆ ಅಂತ ಖಾತ್ರಿ ಮಾಡಿಕೊಳ್ಳದೆ ದುಡ್ಡು ಕಟ್ಟಬೇಡಿ, ಕೋರ್ಸ್ ಮುಗಿಸಿ ವರ್ಷಗಟ್ಟಲೆ ಕಾಯುತ್ತಾ ಮತ್ತೆ ಹೆಲ್ಮೆಟ್ ಹಾಕಿಕೊಂಡವರನ್ನು ನೋಡಿದ್ದೇನೆ. ಇನ್ನೊಂದು ಮಾತು ಮನಸ್ಸಿಗೆ ತೆಗೆದುಕೊಳ್ಳಿ. ಸೂಪರ್‌ವೈಸರ್ ಕೆಲಸ ಮೈಗೆ ಸೇಫ್, ಮನಸ್ಸಿಗೆ ಹಗುರ ಅಲ್ಲ. ಕೆಳಗೆ ಒಬ್ಬನಿಗೆ ಏನಾದರೂ ಆದರೆ ಹೊಣೆ ನಿಮ್ಮದು. ಕ್ಲೈಂಟ್ ಹತ್ತಿರ ‘ಇವತ್ತು ಡೈವ್ ಇಲ್ಲ’ ಅನ್ನೋ ಗಟ್ಟಿತನ ಇರಬೇಕು. ಅದು ಇದ್ದರೆ ನೀವು ಒಳ್ಳೆ ಸೂಪರ್‌ವೈಸರ್ ಆಗುತ್ತೀರಿ. ಬೆಂಡ್ಸ್ ಅನುಭವಿಸಿದವರು ಟೇಬಲ್ ವಿಷಯದಲ್ಲಿ ರಾಜಿ ಆಗುವುದಿಲ್ಲ.

ಲೈಫ್ ಸಪೋರ್ಟ್ ಟೆಕ್ನಿಷಿಯನ್ ಅಂತ ಇನ್ನೊಂದು ಕೆಲಸ ಇದೆ. ಆಳದ ಕೆಲಸ ಮಾಡುವ ಸ್ಯಾಚುರೇಷನ್ ಡೈವರ್‌ಗಳು ವಾರಗಟ್ಟಲೆ ಒತ್ತಡದಲ್ಲೇ ಇರುವ ಚೇಂಬರಿನ ಗಾಳಿ, ಒತ್ತಡ, ಊಟ ಎಲ್ಲವನ್ನೂ ಹೊರಗಿನಿಂದ ನೋಡಿಕೊಳ್ಳುವವರು ಇವರು. ಶಾಂತ ಸ್ವಭಾವದವರಿಗೆ ಒಳ್ಳೆಯದು. ಆದರೆ ಸ್ಯಾಚುರೇಷನ್ ಸಿಸ್ಟಮ್ ಇರುವ ಹಡಗುಗಳು ಕಡಿಮೆ, ಕೆಲಸವೂ ಕಡಿಮೆ. ಇದೇ ವಿದ್ಯೆಗೆ ಭೂಮಿ ಮೇಲೂ ಒಂದು ಜಾಗ ಇದೆ, ನಮ್ಮ ಕಡೆ ಹೆಚ್ಚು ಜನಕ್ಕೆ ಗೊತ್ತಿಲ್ಲ. ಮೆಟ್ರೋ ಸುರಂಗ ಕೊರೆಯುವ ಯಂತ್ರದ ಮುಂಭಾಗದಲ್ಲಿ ಹಲ್ಲು ಬದಲಿಸಬೇಕಾದರೆ, ಮಣ್ಣು ಕುಸಿಯದ ಹಾಗೆ ಕೆಲವೊಮ್ಮೆ ಒತ್ತಿದ ಗಾಳಿ ತುಂಬಿಸಿ ಆಮೇಲೆ ಜನರನ್ನು ಒಳಗೆ ಬಿಡುತ್ತಾರೆ. ಅವರನ್ನು ಒಳಗೆ ಕಳಿಸಿ, ಟೇಬಲ್ ಪ್ರಕಾರ ಹೊರಗೆ ತರಲು ಮ್ಯಾನ್‌ಲಾಕ್ (ಒತ್ತಡ ಏರಿಸಿ ಇಳಿಸುವ ಕೋಣೆ) ನಡೆಸುವವರು ಬೇಕು. ಒಳಗೆ ಹೋಗುವ ಕೆಲಸ ನಿಮಗೆ ಬೇಡ, ಅದು ಮತ್ತೆ ಒತ್ತಡದ ಕೆಲಸವೇ. ಹೊರಗೆ ಕವಾಟ ನಡೆಸುವ ಕೆಲಸ ಕೇಳಿ. ಆಸ್ಪತ್ರೆಯ ಹೈಪರ್‌ಬ್ಯಾರಿಕ್ ಚೇಂಬರ್ ಟೆಕ್ನಿಷಿಯನ್ ಕೆಲಸವೂ ಇದೇ ಜಾತಿ. ಸಂಬಳ ಸಮುದ್ರದ ಹತ್ತಿರಕ್ಕೂ ಬರುವುದಿಲ್ಲ, ಆದರೆ ರಾತ್ರಿ ಮನೆಯಲ್ಲಿ ಮಲಗುತ್ತೀರಿ. ಡೈವರ್ ಮೆಡಿಕ್ ಕೋರ್ಸ್ ಮಾಡಿದ್ದರೆ ಅಲ್ಲಿ ಬೆಲೆ ಜಾಸ್ತಿ.

ಪೂರ್ತಿ ನೆಲದ ಮೇಲೇ ಬೇಕು, ಮೈಸೂರು ಸುತ್ತಲೇ ಬೇಕು ಅಂದರೆ ಎನ್‌ಡಿಟಿ, ಅಂದರೆ ವಸ್ತುವನ್ನು ಕೆಡಿಸದೆ ದೋಷ ಹುಡುಕುವ ಪರೀಕ್ಷೆ. ಅಲ್ಟ್ರಾಸಾನಿಕ್ ದಪ್ಪ ಅಳೆಯೋದು, ಮ್ಯಾಗ್ನೆಟಿಕ್ ಪಾರ್ಟಿಕಲ್ ಹಾಕಿ ಬಿರುಕು ಹುಡುಕೋದು ನೀರಿನ ಕೆಳಗೆ ಮಾಡಿದವರಿಗೆ ಒಣ ಜಾಗದಲ್ಲಿ ಕಲಿಯೋದು ಏನು ಕಷ್ಟ? ಆದರೆ ಸಿಸ್ವಿಪ್ ಡೈವರ್ ಸರ್ಟಿಫಿಕೇಟ್ ಫ್ಯಾಕ್ಟರಿಯವರಿಗೆ ಅರ್ಥ ಆಗುವುದಿಲ್ಲ. ಅಲ್ಲಿ ನಡೆಯೋದು ಎನ್‌ಡಿಟಿಯ ಲೆವೆಲ್ 2 ಸರ್ಟಿಫಿಕೇಟ್. ಅಲ್ಟ್ರಾಸಾನಿಕ್, ಮ್ಯಾಗ್ನೆಟಿಕ್, ಪೆನೆಟ್ರೆಂಟ್, ವಿಷುವಲ್, ಈ ನಾಲ್ಕರಲ್ಲಿ ಲೆವೆಲ್ 2 ಮಾಡಿಕೊಳ್ಳಿ. ಡೈವಿಂಗ್ ಕೋರ್ಸ್‌ಗಳ ಮುಂದೆ ಇದರ ಖರ್ಚು ತುಂಬಾ ಕಡಿಮೆ. ಫಿಟ್ಟರ್ ಐಟಿಐ ಇರೋದು ಇಲ್ಲಿ ನಿಜವಾಗಿ ಉಪಯೋಗಕ್ಕೆ ಬರುತ್ತೆ, ಡ್ರಾಯಿಂಗ್ ಓದೋಕೆ ಬರುತ್ತಲ್ಲ. ಹೆಬ್ಬಾಳ, ನಂಜನಗೂಡು ಕೈಗಾರಿಕಾ ಪ್ರದೇಶದಲ್ಲಿ ಕೇಳಿ ನೋಡಿ, ಆದರೆ ಶುರುವಿನ ಸಂಬಳ ನೋಡಿ ಬೇಜಾರು ಮಾಡಿಕೊಳ್ಳಬೇಡಿ. ಒಳ್ಳೆ ದುಡ್ಡು ಇರೋದು ರಿಫೈನರಿ ಶಟ್‌ಡೌನ್ ಕೆಲಸದಲ್ಲಿ. ಮಂಗಳೂರು ಹತ್ತಿರದ್ದೇ, ಗಲ್ಫ್ ದೂರದ್ದು. ರೇಡಿಯಾಗ್ರಫಿ ಕಡೆ ಹೋಗುವ ಅವಸರ ಬೇಡ. ಅದಕ್ಕೆ ಪ್ರತ್ಯೇಕ ಅನುಮತಿ, ತರಬೇತಿ ಬೇಕು, ಒಂದು ಅಪಾಯ ಬಿಟ್ಟು ವಿಕಿರಣದ ಇನ್ನೊಂದು ಅಪಾಯ ಯಾಕೆ?

ಸೇಫ್ಟಿ ಆಫೀಸರ್ ಆಗ್ತೀನಿ ಅಂತ ತುಂಬಾ ಡೈವರ್‌ಗಳು ನೆಬೋಷ್ ಅನ್ನುವ ಬ್ರಿಟಿಷ್ ಸುರಕ್ಷತಾ ಸರ್ಟಿಫಿಕೇಟ್‌ಗೆ ದುಡ್ಡು ಸುರಿಯುತ್ತಾರೆ. ಗಲ್ಫ್ ಕಂಟ್ರಾಕ್ಟರ್‌ಗಳ ಹತ್ತಿರ ಅದು ನಡೆಯುತ್ತೆ. ಆದರೆ ನಮ್ಮಲ್ಲಿ ಫ್ಯಾಕ್ಟರಿ ಕಾನೂನಿನ ಸೇಫ್ಟಿ ಆಫೀಸರ್ ಹುದ್ದೆಗೆ ಡಿಗ್ರಿ ಅಥವಾ ಡಿಪ್ಲೊಮಾ, ಅದರ ಮೇಲೆ ಇಂಡಸ್ಟ್ರಿಯಲ್ ಸೇಫ್ಟಿ ಡಿಪ್ಲೊಮಾ ಕೇಳುತ್ತಾರೆ. ಐಟಿಐ ಜೊತೆ ನೆಬೋಷ್ ಒಂದೇ ಇಟ್ಟುಕೊಂಡು ಇಲ್ಲಿ ಆ ಕುರ್ಚಿ ಸಿಗುವುದಿಲ್ಲ. ಏಜೆಂಟ್ ಏನೇ ಹೇಳಲಿ. ಸ್ಕೂಬಾ ಇನ್‌ಸ್ಟ್ರಕ್ಟರ್ ಆಗಿ ನೇತ್ರಾಣಿ ಕಡೆ ಹೋಗೋದು ಕೆಲವರಿಗೆ ಇಷ್ಟ. ಮಳೆಗಾಲದಲ್ಲಿ ಬಂದ್, ಟೂರಿಸ್ಟ್ ಬಂದರೆ ದುಡ್ಡು, ಮತ್ತೆ ಅದೂ ದಿನಕ್ಕೆ ಹಲವು ಸಲ ಮುಳುಗೋ ಕೆಲಸವೇ. ಬೆಂಡ್ಸ್ ಆದ ಭುಜಕ್ಕೆ ಅದು ಬೇಡ. ಹಗ್ಗದ ಮೇಲೆ ನೇತಾಡಿ ಇನ್‌ಸ್ಪೆಕ್ಷನ್ ಮಾಡುವ ಐರಾಟಾ ಕೆಲಸವನ್ನೂ ಅದೇ ಭುಜದ ಕಾರಣಕ್ಕೆ ನಾನು ನಿಮಗೆ ಹೇಳುವುದಿಲ್ಲ. ಅಲ್ಲಿ ಲೆವೆಲ್ 1ರಿಂದ 2ಕ್ಕೆ ಹೋಗೋಕೇ ಒಂದು ವರ್ಷ ಮತ್ತು 1000 ಗಂಟೆ ಹಗ್ಗದ ಮೇಲೆ ಇರಬೇಕು.

ಈಗ ಡ್ಯಾಂ ಮಾತಿಗೆ ವಾಪಸ್ ಬರೋಣ. 2021ರಲ್ಲಿ ಅಣೆಕಟ್ಟು ಸುರಕ್ಷತಾ ಕಾಯ್ದೆ ಬಂತು. 15 ಮೀಟರಿಗಿಂತ ಎತ್ತರದ ಅಣೆಕಟ್ಟುಗಳೆಲ್ಲ ಅದರ ಕೆಳಗೆ ಬರುತ್ತವೆ. ಮಳೆಗಾಲಕ್ಕೆ ಮೊದಲೂ ಆಮೇಲೂ ತಪಾಸಣೆ ಮಾಡಲೇಬೇಕು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾದ 19ನೇ ಗೇಟಿನ ಚೈನ್ ಕಡಿದು ಗೇಟು ಕೊಚ್ಚಿಹೋದ ಮೇಲೆ ಗೇಟುಗಳ ಸ್ಥಿತಿ ಬಗ್ಗೆ ಎಲ್ಲರಿಗೂ ಎಚ್ಚರ ಬಂದಿದೆ. ನಮ್ಮ ಕೆಆರ್‌ಎಸ್ ಸುರ್ಕಿ ಗಾರೆಯಲ್ಲಿ ಕಟ್ಟಿದ ಕಲ್ಲಿನ ಕಟ್ಟೆ, ಕೆಲಸ ಶುರುವಾಗಿದ್ದು 1911ರಲ್ಲಿ. ಇಷ್ಟು ವಯಸ್ಸಾದ ಕಟ್ಟೆಯ ನೀರಿನ ಕಡೆಯ ಮುಖ ಹೇಗಿದೆ ಅಂತ ನೋಡೋಕೆ ನೀರು ಖಾಲಿ ಮಾಡೋಕಾಗಲ್ಲ ಅಲ್ವಾ. ಮಂಡ್ಯ, ಮೈಸೂರು, ಬೆಂಗಳೂರು ಕುಡಿಯೋದೇ ಅದನ್ನು. ಆದ್ದರಿಂದ ನೀರೊಳಗೆ ಕ್ಯಾಮೆರಾ ಹೋಗಬೇಕು. ಈಗ ಆ ಕೆಲಸಕ್ಕೆ ಸಣ್ಣ ಆರ್‌ಒವಿಗಳು ಬಂದಿವೆ. ಚೆನ್ನೈನ ಪ್ಲಾನಿಸ್, ಕೊಚ್ಚಿಯ ಐರೋವ್, ಹೀಗೆ ನಮ್ಮ ದೇಶದಲ್ಲೇ ಇಂಥ ಯಂತ್ರ ಮಾಡುವ ಕಂಪನಿಗಳಿವೆ.

ಯಂತ್ರ ಓಡಿಸೋದನ್ನು ಚುರುಕಾದ ಹುಡುಗರು ಬೇಗ ಕಲಿಯುತ್ತಾರೆ. ಎಲೆಕ್ಟ್ರಾನಿಕ್ಸ್ ರಿಪೇರಿ ಗೊತ್ತಿದ್ದರೆ ಅವರಿಗೇ ಅನುಕೂಲ ಜಾಸ್ತಿ. ನಿಮ್ಮ ಜಾಗ ಅಲ್ಲಲ್ಲ, ವಿಡಿಯೋ ನೋಡುವ ಕುರ್ಚಿ. ಕಲ್ಲಿನ ಸಂದಿಯಲ್ಲಿ ಗಾರೆ ಹೋಗಿದೆಯಾ, ಬರೀ ಪಾಚಿ ನೆರಳಾ? ಹೂಳು ಒಂದು ಕಡೆ ಮಾತ್ರ ಗುಂಡಿ ಬಿದ್ದಿದೆ ಅಂದರೆ ಅಲ್ಲಿ ನೀರು ಒಳಗೆ ಎಳೆಯುತ್ತಿದೆಯಾ? ಗೇಟಿನ ರಬ್ಬರ್ ಸೀಲ್ ಮಡಚಿಕೊಂಡಿದೆಯಾ, ಕಡ್ಡಿ ಸಿಕ್ಕಿದೆಯಾ? ಸ್ಕ್ರೀನ್ ಮೇಲೆ ತೇಲಾಡುವ ಕಣದ ದಿಕ್ಕು ನೋಡಿ ಸೋರಿಕೆ ಹಿಡಿಯುವುದು ನೀರಿನಲ್ಲಿ ಬದುಕಿದವರಿಗೆ ಬರುವ ವಿದ್ಯೆ. ಆರ್‌ಒವಿ ಎಲ್ಲಿ ನಿಲ್ಲಬೇಕು, ಎಲ್ಲಿ ಮುಂದೆ ಹೋಗಬಾರದು ಅಂತ ಹೇಳುವುದೂ ಅಷ್ಟೇ. ಯಂತ್ರ ಸೆಳೆತಕ್ಕೆ ಸಿಕ್ಕಿ ಹೋದರೆ ದುಡ್ಡು ಹೋಗುತ್ತೆ, ಜೀವ ಹೋಗಲ್ಲ. ಯಂತ್ರದಿಂದ ಆಗದೆ ಮನುಷ್ಯ ಇಳಿಯಲೇಬೇಕಾದ ಕೆಲಸ ಬಂದಾಗ, ಬೀಗದ ಕೈ ನನ್ನ ಜೇಬಿಗೆ ಬರುವ ತನಕ ಯಾರೂ ಇಳಿಯುವ ಹಾಗಿಲ್ಲ ಅಂತ ದಡದಲ್ಲಿ ನಿಂತು ಹೇಳುವವರು ನೀವಾಗಬಹುದು. ನಮ್ಮ ಒಳನಾಡಿನ ಕೆಲಸದಲ್ಲಿ ಅಂಥವರ ಕೊರತೆ ತುಂಬಾ ಇದೆ. ನನಗೆ ಇದರ ಬಗ್ಗೆ ಸಂಕಟವೂ ಇದೆ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಇದಕ್ಕೆ ನೀವು ಬೆಳೆಸಿಕೊಳ್ಳಬೇಕಾದ್ದು ರಿಪೋರ್ಟ್ ಬರೆಯುವುದು. ಡೈವರ್‌ಗಳು ಬಾಯಲ್ಲಿ ಚೆನ್ನಾಗಿ ಹೇಳುತ್ತಾರೆ, ಕಾಗದದ ಮೇಲೆ ತಡವರಿಸುತ್ತಾರೆ. ಕಟ್ಟೆಯ ಯಾವ ಬ್ಲಾಕು, ನೀರಿನ ಮಟ್ಟದಿಂದ ಎಷ್ಟು ಕೆಳಗೆ, ದೋಷದ ಉದ್ದ ಅಗಲ, ಫೋಟೋ ನಂಬರು, ಹೋದ ಸಲಕ್ಕೂ ಈ ಸಲಕ್ಕೂ ವ್ಯತ್ಯಾಸ. ಎಂಜಿನಿಯರ್ ನಿಮ್ಮನ್ನು ಮತ್ತೆ ಕೇಳದೆ ಅದೇ ಜಾಗ ಹುಡುಕುವ ಹಾಗೆ ಬರೆಯಬೇಕು. ಎಕ್ಸೆಲ್, ಸ್ವಲ್ಪ ಇಂಗ್ಲಿಷು, ಒಂದು ಲ್ಯಾಪ್‌ಟಾಪು ಸಾಕು. ನಿಮ್ಮ ಹಳೇ ಡೈವ್‌ಗಳಲ್ಲಿ ಒಂದನ್ನು ತೆಗೆದುಕೊಂಡು ಈಗಲೇ ಬರೆದು ನೋಡಿ. ಕಂಪನಿಯ ಗುಟ್ಟಿನ ವಿವರ ಮಾತ್ರ ಬಿಟ್ಟುಬಿಡಿ.

ಇದೆಲ್ಲಕ್ಕೂ ಮೊದಲು ಭುಜ. ನೋವು ಹೋಯ್ತು ಅಂತ ಬಿಡಬೇಡಿ. ಒತ್ತಡದಲ್ಲಿ ಕೆಲಸ ಮಾಡಿದವರಿಗೆ ಭುಜ, ಸೊಂಟದ ಕೀಲಿನ ಮೂಳೆಗೆ ರಕ್ತ ತಲುಪದೆ ಮೂಳೆಯ ಭಾಗ ಸಾಯುವ ಕಾಯಿಲೆ ಬರಬಹುದು. ಡಿಸ್‌ಬ್ಯಾರಿಕ್ ಆಸ್ಟಿಯೋನೆಕ್ರೋಸಿಸ್ ಅಂತಾರೆ. ಮೊದಲು ಏನೂ ಗೊತ್ತಾಗಲ್ಲ, ಎಕ್ಸ್‌ರೇಯಲ್ಲೂ ಶುರುವಿನಲ್ಲಿ ಕಾಣಲ್ಲ, ಎಂಆರ್‌ಐನಲ್ಲಿ ಕಾಣುತ್ತೆ. ಕೀಲು ಕುಸಿದ ಮೇಲೆ ಆಪರೇಷನ್ನೇ. ಎರಡೂ ಭುಜ, ಎರಡೂ ಸೊಂಟ ಎಂಆರ್‌ಐ ಮಾಡಿಸಿ. ಜೊತೆಗೆ ಕಿವಿ ಪರೀಕ್ಷೆ, ಶ್ವಾಸಕೋಶದ ಪರೀಕ್ಷೆ. ಡೈವಿಂಗ್ ಮೆಡಿಸಿನ್ ಗೊತ್ತಿರುವ ಡಾಕ್ಟರ್‌ಗೇ ತೋರಿಸಿ. ಊರಿನ ಮೂಳೆ ಡಾಕ್ಟರ್‌ಗೆ ಹೋದರೆ ಬೆಂಡ್ಸ್ ಆಗಿತ್ತು ಅಂತ ನೀವೇ ಬಾಯಿಬಿಟ್ಟು ಹೇಳಬೇಕು, ಇಲ್ಲದಿದ್ದರೆ ‘ಭಾರ ಎತ್ತಿದ್ದೀರಾ’ ಅಂತ ಮುಲಾಮು ಬರೆದು ಕಳಿಸುತ್ತಾರೆ. ಈಗಿನ ಕಂಪನಿಯ ಜೊತೆ ಸಂಬಂಧ ಇರುವಾಗಲೇ ಮಾಡಿಸಿ. ಮೂಳೆಯಲ್ಲಿ ಏನಾದರೂ ಕಂಡರೆ ಅದು ಕೆಲಸದಿಂದ ಬಂದದ್ದು ಅಂತ ಆಗ ಹೇಳೋದು ಸುಲಭ, ಬಿಟ್ಟು ಬಂದು ಎರಡು ವರ್ಷ ಆದ ಮೇಲೆ ಯಾರು ಕೇಳುತ್ತಾರೆ? ಚೇಂಬರ್ ಚಿಕಿತ್ಸೆಯ ದಾಖಲೆ ಕಾಪಿ ಕೂಡ ಕೇಳಿ ಪಡೆಯಿರಿ. ಲಾಗ್‌ಬುಕ್‌ನಲ್ಲಿ ಸಹಿ ಬಾಕಿ ಇರುವ ಪುಟಗಳಿಗೆ ಆಯಾ ಸೂಪರ್‌ವೈಸರ್ ಸಹಿ ಮತ್ತು ಕಂಪನಿ ಸೀಲು ಹಾಕಿಸಿ. ಮುಂದೆ ಯಾವ ಕೋರ್ಸಿಗೆ ಹೋದರೂ ಅದನ್ನೇ ಕೇಳುವುದು. ಟರ್ಮ್ ಇನ್ಶೂರೆನ್ಸ್ ಫಾರಂನಲ್ಲಿ ಡೈವರ್ ಅಂತಲೇ ಬರೆಯಿರಿ, ಪ್ರೀಮಿಯಂ ಜಾಸ್ತಿ ಆದರೂ ಪರವಾಗಿಲ್ಲ. ಮುಚ್ಚಿಟ್ಟ ಪಾಲಿಸಿ ಬೇಕಾದ ದಿನ ಕೈಗೆ ಬರುವುದಿಲ್ಲ.

ಕಬ್ಬಿನ ವಿಷಯ. ಎರಡು ಎಕರೆ ಕಬ್ಬು ಒಂದು ಸಂಸಾರ ಸಾಕುತ್ತಾ ಅನ್ನೋದು ನಿಮಗೇ ನನಗಿಂತ ಚೆನ್ನಾಗಿ ಗೊತ್ತು. ನಾಲೆ ನೀರು ಯಾವಾಗ ಬಿಡ್ತಾರೆ, ಕಾರ್ಖಾನೆ ಯಾವಾಗ ಕಟಾವು ಆರ್ಡರ್ ಕೊಡುತ್ತೆ, ಬಾಕಿ ಯಾವಾಗ ಬರುತ್ತೆ ಅಂತ ಕಾಯುವ ಬದುಕು ಅದು. ಜಮೀನು ಇರಲಿ, ಬಿಡಬೇಡಿ. ಕೋರ್ಸ್ ಮಾಡುವ ತಿಂಗಳುಗಳಲ್ಲಿ ಮನೆಗೆ ಅಕ್ಕಿ ಬೇಳೆಗೆ ಅದು ಆಸರೆ. ಆದರೆ ಹನ್ನೊಂದು ವರ್ಷದ ವಿದ್ಯೆಯನ್ನು ಗದ್ದೆ ಬದುವಿನ ಮೇಲೆ ಇಟ್ಟು ಮರೆಯಬೇಡಿ.

ಪಶ್ಚಿಮ ಕರಾವಳಿಯಲ್ಲಿ ಮಳೆಗಾಲಕ್ಕೆ ಹೇಗೂ ಡೈವಿಂಗ್ ನಿಲ್ಲುತ್ತೆ. ಜೂನ್‌ನಲ್ಲಿ ಊರಿಗೆ ಬಂದಾಗ ಮೊದಲು ಎಂಆರ್‌ಐ, ಆಮೇಲೆ ಲೆವೆಲ್ 2. ರಿಪೋರ್ಟ್ ಚೆನ್ನಾಗಿ ಬಂದು, ದೂರ ಇರೋದಕ್ಕೆ ಮನೆಯಲ್ಲೂ ಒಪ್ಪಿದರೆ 3.4ಯು ಅಥವಾ ಸೂಪರ್‌ವೈಸರ್ ಕೋರ್ಸಿಗೆ ದುಡ್ಡು ಎತ್ತಿಡಿ, ಇನ್ನೊಂದು ಸೀಸನ್ ಹೋಗಿ ಪ್ಯಾನೆಲ್ ಪಕ್ಕ ಕೂರಲು ಜಾಗ ಕೇಳಿ. ರಿಪೋರ್ಟ್‌ನಲ್ಲಿ ಏನಾದರೂ ಕಂಡರೆ ನೀರಿಗೆ ಮತ್ತೆ ಇಳಿಯೋದು ಅವತ್ತಿಗೇ ಮುಗೀತು. ಎನ್‌ಡಿಟಿ, ಆರ್‌ಒವಿ ಇನ್‌ಸ್ಪೆಕ್ಷನ್ ದಾರಿ ಹಿಡಿಯಿರಿ. ಪ್ಯಾನೆಲ್ ಮುಂದೆ ಕೂರುವ ಕೆಲಸಕ್ಕೂ ಅದರಿಂದ ಸಾಮಾನ್ಯವಾಗಿ ಅಡ್ಡಿ ಇಲ್ಲ, ಆದರೂ ಆ ಡಾಕ್ಟರ್ ಹತ್ತಿರವೇ ಕೇಳಿ ಬರೆಸಿಕೊಳ್ಳಿ. ಕಂಟ್ರಾಕ್ಟರ್‌ಗೆ ಮಾತ್ರ ಇವತ್ತೇ ಫೋನ್ ಮಾಡಿ.